ನಿದ್ದೆ ಪ್ಲೇಟು

ಕಿವಿಯಕ್ಕನ ಬಾಯಿಗೆ ಹೆದರದವರು ಆ ಕಾರ್ಖಾನೆಯಲ್ಲಿ ಯಾರೂ ಇರಲಿಲ್ಲ. ಆದರೆ ಅವಳಿಗೆ ಸಂಬಳ ಬರುತ್ತಿದ್ದದ್ದು ಬಾಯಿಗಲ್ಲ, ಕಿವಿಗೆ. ಗ್ರಾಮಫೋನ್ ರೆಕಾರ್ಡು ಒತ್ತುವ ಕಾರ್ಖಾನೆ ಅದು. ಮುಂದಿನ ಹಾಲಿನಲ್ಲಿ ಹಬೆಯ ಪ್ರೆಸ್ಸುಗಳು, ಹಿಂದುಗಡೆ ಗೋಡೆಗೆ ಕಂಬಳಿ ಹೊಡೆದ ಒಂದು ಇಕ್ಕಟ್ಟಿನ ಕೋಣೆ. ಆ ಕೋಣೆಯಲ್ಲಿ ಕುಳಿತು, ಹೆಡ್‌ಫೋನ್ ಹಾಕಿಕೊಂಡು, ಒತ್ತಿ ಬಂದ ರೆಕಾರ್ಡುಗಳಲ್ಲಿ ಅಲ್ಲೊಂದು ಇಲ್ಲೊಂದು ಎತ್ತಿ ಕೇಳಿ, ಎಲ್ಲಿ ಟಿಕ್ ಅಂತು, ಎಲ್ಲಿ ಕರಕರ ಅಂತು ಎಂದು ಹೇಳುವುದು ಅವಳ ಕೆಲಸ. ಅವಳು ಬೇಡ ಎಂದರೆ ಒಮ್ಮೆಗೆ ಒತ್ತಿದ ಇಡೀ ಕಂತು ಪುಡಿ ಮಾಡುವ ಯಂತ್ರದ ಬಾಯಿಗೆ ಹೋಗುತ್ತಿತ್ತು. ಯಜಮಾನರೂ ಎದುರಾಡುತ್ತಿರಲಿಲ್ಲ.

ಅವಳ ಇನ್ನೊಂದು ಗುಣವನ್ನೂ ಮೊದಲೇ ಹೇಳಿಬಿಡುವುದು ಒಳ್ಳೆಯದು. ಅವಳು ಯಾವುದನ್ನೂ ಮರೆಯುವವಳಲ್ಲ. ಶಾಲೆಯಲ್ಲಿ ಜೊತೆಗಾತಿಯೊಬ್ಬಳು ಅವಳ ಛತ್ರಿ ಲಪಟಾಯಿಸಿದ್ದಳಂತೆ. ಎಷ್ಟೋ ವರ್ಷ ಕಳೆದು ಆ ಜೊತೆಗಾತಿಯ ಮದುವೆಗೆ ಕರೆ ಬಂದಾಗ ಇವಳು ಹೋಗಿ, ಹೊಟ್ಟೆ ತುಂಬ ಉಂಡು, ಕೈ ತೊಳೆದು, ನೇರ ಮದುಮಗಳ ಮುಂದೆ ನಿಂತು, “ನನ್ನ ಛತ್ರಿ ಎಲ್ಲೇ?” ಎಂದು ಕೇಳಿದಳು. ಮದುಮಗ ತಬ್ಬಿಬ್ಬಾದ. ಕ್ಷಮಿಸುವುದು ದೊಡ್ಡ ಗುಣ ಎಂದು ಯಾರಾದರೂ ಉಪದೇಶಕ್ಕೆ ಬಂದರೆ, “ಹೌದಪ್ಪ, ಕಳ್ಕೊಂಡೋನು ನೀನಲ್ವಲ್ಲ” ಎನ್ನುತ್ತಿದ್ದಳು.

ಕಾರ್ಖಾನೆಗೆ ಬರುತ್ತಿದ್ದ ರೆಕಾರ್ಡುಗಳಲ್ಲಿ ಒಂದು ಬಗೆಯದಕ್ಕೆ ಅಲ್ಲಿಯವರು ನಿದ್ದೆ ಪ್ಲೇಟು ಎಂದು ಹೆಸರಿಟ್ಟಿದ್ದರು. ಮಾಡಿದವರು ಅದನ್ನು ಆಂಬಿಯೆಂಟ್ ಎನ್ನುತ್ತಾರೆ, ಪ್ರಯೋಗ ಎನ್ನುತ್ತಾರೆ, ದಣಿದ ಮನಸ್ಸಿಗೆ ತಂಪು ಎನ್ನುತ್ತಾರೆ. ಹಾಡಿಲ್ಲ, ತಾಳವಿಲ್ಲ. ಪಕ್ಕದ ಕೋಣೆಯಲ್ಲಿ ಫ್ರಿಜ್ಜು ಗುಂಯ್‌ಗುಡುವಂತೆ ಒಂದು ಸ್ವರ ಏಳುತ್ತದೆ, ಬಹಳ ಹೊತ್ತು ಯೋಚನೆ ಮಾಡುತ್ತದೆ, ಆಮೇಲೆ ಇನ್ನೊಂದು ಸ್ವರಕ್ಕೆ ಹೋಗುತ್ತದೆ. ಕೊಂಡವರಿಗೆ ಸುಖ. ಪರೀಕ್ಷೆ ಮಾಡುವವರಿಗೆ ಪ್ರಾಣಸಂಕಟ. ಕೇಳುತ್ತ ಕೇಳುತ್ತ ತೂಕಡಿಕೆ ಬಂದು ಕಿವಿಯಕ್ಕನ ಹಣೆ ಒಮ್ಮೆ ಸೂಜಿಯ ಮೇಲೇ ಬಿದ್ದಿತ್ತು. ಅದಕ್ಕಿಂತ ದೊಡ್ಡ ಫಜೀತಿ ಎಂದರೆ, ಆ ರೆಕಾರ್ಡುಗಳಲ್ಲಿ ಯಾವುದು ತಪ್ಪು, ಯಾವುದು ಸಂಗೀತ ಎಂಬುದೇ ತಿಳಿಯುತ್ತಿರಲಿಲ್ಲ. ಕರಕರ ಇದೆ ಎಂದು ಅವಳು ಒಂದು ಕಂತನ್ನು ಪುಡಿಗೆ ಹಾಕಿಸಿದರೆ, ಸಂಗೀತಗಾರ ಓಡಿ ಬಂದು, ಆ ಕರಕರ ಹಿಡಿಯುವುದಕ್ಕೇ ತಾನು ವರ್ಷವಿಡೀ ಒದ್ದಾಡಿದ್ದೆ ಎಂದು ಬಾಗಿಲಲ್ಲಿ ನಿಂತು ಅತ್ತಿದ್ದ.

ಕೊನೆಗೆ ದಾರಿ ತೋರಿಸಿದವನು ಹಬೆಯಣ್ಣ. ದೊಡ್ಡ ಪ್ರೆಸ್ಸು ನಡೆಸುವವನು ಅವನು, ಹಬೆಯ ನಡುವೆಯೇ ತಲೆ ನರೆತವನು.

“ಪ್ಲೇಟಿಗೆ ಗಾಯ ಆಗಿದ್ರೆ ಸುತ್ತಿಗೊಂದ್ಸಲ ಟಿಕ್ ಅನ್ನತ್ತೆ ತಾಯಿ. ನಿಧಾನಕ್ಕೆ ತಿರುಗಿಸಿದ್ರೂ ಅನ್ನತ್ತೆ, ಜೋರಾಗಿ ತಿರುಗಿಸಿದ್ರೂ ಅನ್ನತ್ತೆ. ಮತ್ತೆ ನಿಧಾನಕ್ಕೆ ಯಾಕೆ ಸಾಯ್ತೀಯ?”

ಪರೀಕ್ಷೆಯ ಕೋಣೆಯಲ್ಲಿದ್ದದ್ದು ಅಜ್ಜನ ಕಾಲದ ಯಂತ್ರ. ಅದರ ಬದಿಯ ಸಣ್ಣ ಹಿಡಿಯನ್ನು ಸರಿಸಿದರೆ ಮೂರು ವೇಗ: ನಿಮಿಷಕ್ಕೆ ಮೂವತ್ತಮೂರು, ನಲವತ್ತೈದು, ಎಪ್ಪತ್ತೆಂಟು ಸುತ್ತು. ಅಂದಿನಿಂದ ಮೂವತ್ತಮೂರರಲ್ಲಿ ಓಡಬೇಕಾದ ನಿದ್ದೆ ಪ್ಲೇಟುಗಳೆಲ್ಲ ಆ ಕೋಣೆಯಲ್ಲಿ ಎಪ್ಪತ್ತೆಂಟರಲ್ಲೇ ಓಡಿದವು. ಸಮುದ್ರದಂತೆ ಮಲಗಿರಬೇಕಾದ ಸಂಗೀತ ಸೊಳ್ಳೆಯಂತೆ ಕೀರಲುಗುಟ್ಟುತ್ತಿತ್ತು, ತಪ್ಪು ಮಾತ್ರ ಗಡಿಯಾರದಂತೆ ಟಿಕ್ ಟಿಕ್ ಎಂದು ಸಿಕ್ಕಿಬೀಳುತ್ತಿತ್ತು. ಹೀಗೊಂದು ರೂಢಿ ಇದೆ ಎಂದು ಹೊರಗಿನವರಿಗೆ ಯಾರೂ ಹೇಳಲಿಲ್ಲ. ಯಾವ ಬಾಣಸಿಗ ತಾನು ರುಚಿ ನೋಡಿದ ಸೌಟನ್ನು ಊಟದವರಿಗೆ ತೋರಿಸುತ್ತಾನೆ?

ಇನ್ನು ತಮ್ಮನ ವಿಷಯ. ಕಿವಿಯಕ್ಕನ ಒಬ್ಬನೇ ತಮ್ಮ ಇಂಥ ನಿದ್ದೆ ಪ್ಲೇಟು ಮಾಡುವವನು. ಲೋಕಕ್ಕೆ ಅವನ ಹೆಸರು ಮೌನಿ. ಅವನೇ ಇಟ್ಟುಕೊಂಡದ್ದು. ಹುಟ್ಟಿದಾಗಿನಿಂದ ಬಾಯಿ ಮುಚ್ಚದವನು ಮೌನಿ ಎಂದು ಹೆಸರಿಟ್ಟುಕೊಂಡನಲ್ಲ ಎಂದು ಅವರಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ಆದರೂ ಮಗನೆಂದರೆ ಅವಳಿಗೆ ಪ್ರಾಣ. ಹೆತ್ತವರಿಗೆ ಹೆಗ್ಗಣ ಮುದ್ದು. ಮಗಳು ತಿಂಗಳೆಲ್ಲ ದುಡಿದು ಮನೆ ನಡೆಸಿದರೆ ಅದು ಲೆಕ್ಕಕ್ಕಿಲ್ಲ. ಮಗ ವರ್ಷಕ್ಕೊಮ್ಮೆ ಬಂದು ಜಗುಲಿಯ ಮೇಲೆ ಕುಳಿತರೆ ಬೀದಿಗೆಲ್ಲ ಸುದ್ದಿ.

ಅಮ್ಮ ಮಾರುಕಟ್ಟೆಯಲ್ಲಿ ತರಕಾರಿ ಮಾರಿ ಇಬ್ಬರನ್ನೂ ಬೆಳೆಸಿದವಳು. ಅವಳದು ಮಾರುಕಟ್ಟೆಯ ಗಂಟಲು. ಒಂದು ತುದಿಯಲ್ಲಿ ಬದನೆಕಾಯಿ ಎಂದರೆ ಇನ್ನೊಂದು ತುದಿಯವರು ಚೀಲ ತೆಗೆಯುತ್ತಿದ್ದರು. ಸಂಜೆ ಬೀದಿಯಲ್ಲಿ ಆಡುತ್ತಿದ್ದ ಮಗಳನ್ನು ಅವಳು ಬಾಗಿಲಲ್ಲಿ ನಿಂತು “ಗುಬ್ಬೀ...” ಎಂದು ಕರೆದರೆ ಮೂರು ಓಣಿಯಾಚೆಗೆ ಕೇಳಿಸುತ್ತಿತ್ತು. ಆ ಕೂಗಿಗೆ “ಬಂದೇ” ಎನ್ನದೆ ಇದ್ದರೆ ಬೆನ್ನು ಬಿಸಿಯಾಗುತ್ತಿತ್ತು. ಕಿವಿಯಕ್ಕನನ್ನು ಗುಬ್ಬಿ ಎಂದು ಕರೆಯುತ್ತಿದ್ದವಳು ಲೋಕದಲ್ಲಿ ಅವಳೊಬ್ಬಳೇ.

ಕೊನೆಯ ಕಾಯಿಲೆಯಲ್ಲಿ ಆ ಗಂಟಲು ಕುಗ್ಗಿತು. ಮಗಳು ರಜೆ ಹಾಕಿ ಹಾಸಿಗೆಯ ಪಕ್ಕ ಕುಳಿತಳು. ಘಳಿಗೆಗೊಮ್ಮೆ ಎರಡು ಚಮಚ ನೀರು ಬಾಯಿಗೆ ಬಿಡಬೇಕಿತ್ತು. ಬಾಯಿ ಒಣಗಿದರೆ ಅಮ್ಮನಿಗೆ ಉಸಿರು ಕಟ್ಟುತ್ತಿತ್ತು. ಒಂದು ದಿನ ಮಧ್ಯಾಹ್ನ ಮೌನಿ ಬಂದ. ಕೈಯಲ್ಲಿ ಹಣ್ಣಿರಲಿಲ್ಲ, ರೆಕಾರ್ಡರ್ ಇತ್ತು. ಅಮ್ಮನ ಧ್ವನಿ ನೆನಪಿಗಿರಲಿ ಎಂದು ಹಿಡಿದಿಡುತ್ತೇನೆ ಎಂದ. ಅಕ್ಕನಿಗೆ ಕಣ್ಣು ತುಂಬಿ ಬಂತು. ಇವನಿಗೂ ಕರುಳಿದೆ ಎಂದುಕೊಂಡಳು. ಔಷಧಿ ಮುಗಿದಿತ್ತು.

“ಹೋಗಿ ಬಾ ಅಕ್ಕ, ನಾನಿದ್ದೀನಲ್ಲ” ಎಂದ ತಮ್ಮ.

“ಬಾಯಿ ಒಣಗಕ್ಕೆ ಬಿಡ್ಬೇಡ ಕಣೋ. ಜಗ್ಗಲ್ಲಿ ನೀರು ತುಂಬ್ಸಿಟ್ಟಿದ್ದೀನಿ. ಕೇಳಿದ ತಕ್ಷಣ ಕೊಡು.”

“ನಾನೇನು ಮಗೂನಾ? ಹೋಗು.”

ಹತ್ತಿರದ ಅಂಗಡಿ ಮುಚ್ಚಿತ್ತು. ದೂರದ ಅಂಗಡಿಗೆ ಹೋಗಿ ಅವಳು ಬೇಗಬೇಗನೆ ಹಿಂದಿರುಗುವಷ್ಟರಲ್ಲಿ ತಮ್ಮ ಬಾಗಿಲಲ್ಲೇ ನಿಂತಿದ್ದ. ತುಟಿಯ ಮೇಲೆ ಬೆರಳಿಟ್ಟು, “ಶ್... ಅಮ್ಮ ನಿದ್ದೇಲೇ ಹೋಗ್ಬಿಟ್ಲು ಅಕ್ಕ. ಒಂದು ಮಾತೂ ಆಡ್ಲಿಲ್ಲ” ಎಂದ. ಅವಳು ಅಮ್ಮನ ಕಾಲ ಬಳಿ ಕುಸಿದು ಕುಳಿತಳು. ಮಂಚದ ಪಕ್ಕದ ಸ್ಟೂಲಿನ ಮೇಲೆ ಜಗ್ಗು ತುಂಬಿದ್ದು ತುಂಬಿದ ಹಾಗೇ ಇತ್ತು. ಕಣ್ಣಿಗೆ ಬಿದ್ದಿತ್ತು, ಮನಸ್ಸಿಗೆ ಬಿದ್ದಿರಲಿಲ್ಲ.

ಕೆಲವು ದಿನ ಕಳೆದ ಮೇಲೆ ಅವಳು ಅಮ್ಮನ ಧ್ವನಿ ಕೇಳಿಸು ಎಂದು ತಮ್ಮನನ್ನು ಬೇಡಿಕೊಂಡಳು. ಮಾತಾಡದಿದ್ದರೂ ಸರಿ, ಉಸಿರಾದರೂ ಕೇಳಿಸು ಎಂದಳು. “ಅಯ್ಯೋ, ಅದು ಅಳಿಸಿಹೋಯ್ತು ಅಕ್ಕ” ಎಂದ ಅವನು. ಅವಳಿಗೆ ನಿದ್ದೆ ಬಾರದಾಯಿತು. ಕಣ್ಣ ಕೆಳಗೆ ಕಪ್ಪು ಹತ್ತಿತು. ಅದನ್ನು ನೋಡಿ ಮೌನಿಯೇ ಒಂದು ದಿನ ಅವಳ ಫೋನಿಗೆ ತನ್ನ ಹೊಸ ಸಂಗೀತ ಹಾಕಿಕೊಟ್ಟ. ‘ಶಾಂತ ತೀರ’ ಎಂದು ಅದರ ಹೆಸರು. “ಅಮ್ಮನಿಗೋಸ್ಕರ ಮಾಡಿದ್ದು. ಇದನ್ನ ಹಾಕ್ಕೊಂಡು ಮಲಗು” ಎಂದ. ಆಳದಿಂದ ಒಂದು ದನಿ ನಿಧಾನವಾಗಿ ಎದ್ದು, ದೂರದ ಹಡಗಿನ ಹಾಗೆ ಕೂಗಿ, ಕರಗಿಹೋಗುತ್ತಿತ್ತು. ಅವಳಿಗೆ ನಿದ್ದೆ ಬಂತು. ದಿನಾ ಹಾಕಿಕೊಂಡಳು, ದಿನಾ ನಿದ್ದೆ ಬಂತು. ತಮ್ಮನನ್ನು ಮನಸ್ಸಿನಲ್ಲೇ ಹರಸಿದಳು.

‘ಶಾಂತ ತೀರ’ ಅವಳೊಬ್ಬಳನ್ನೇ ಮಲಗಿಸಲಿಲ್ಲ. ಹಲ್ಲಿನ ಡಾಕ್ಟರ ಕೋಣೆಯಲ್ಲಿ, ಮಸಾಜಿನ ಅಂಗಡಿಯಲ್ಲಿ, ಹೋಟೆಲಿನ ಲಿಫ್ಟಿನಲ್ಲಿ, ಎಲ್ಲಿ ನೋಡಿದರೂ ಅದೇ. ಮೌನಿ ಸಂದರ್ಶನಗಳಲ್ಲಿ ಕಣ್ಣು ಮುಚ್ಚಿ ಮಾತಾಡುವುದನ್ನು ಕಲಿತ. ಅವನ ದೊಡ್ಡ ಹೆಮ್ಮೆ ಒಂದೇ: “ಇದಕ್ಕೆ ಕತ್ತರಿ ಹಾಕಿಲ್ಲ. ಒಂದೇ ಉಸಿರಿಗೆ ಹಿಡಿದದ್ದನ್ನ ನಿಧಾನ ಮಾಡಿದೀನಿ, ಅಷ್ಟೇ. ಒಂದು ಚೂರೂ ತೆಗೆದಿಲ್ಲ.” ಕೊನೆಗೆ ಅದನ್ನು ದೊಡ್ಡ ಕಪ್ಪು ರೆಕಾರ್ಡಾಗಿ ಒತ್ತಿಸಬೇಕು ಎಂದಾಯಿತು. ಅಕ್ಕನ ಕಾರ್ಖಾನೆ ಇರುವಾಗ ಬೇರೆ ಕಡೆ ಯಾಕೆ?

ಪರೀಕ್ಷೆಗೆಂದು ಒತ್ತಿದ ಮೊದಲ ಪ್ರತಿ ಕಂಬಳಿ ಕೋಣೆಗೆ ಬಂದಾಗ ಕಿವಿಯಕ್ಕ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ತಮ್ಮನದು, ಅಮ್ಮನಿಗೆಂದು ಮಾಡಿದ್ದು. ಇದನ್ನು ಸೊಳ್ಳೆ ಮಾಡುವುದು ಬೇಡ, ಇದೊಂದನ್ನು ಸರಿಯಾದ ವೇಗದಲ್ಲೇ ಕೇಳೋಣ ಎಂದುಕೊಂಡಳು. ಹಾಕಿದಳು. ಅಭ್ಯಾಸ ಬಲ ನೋಡಿ, ಕಣ್ಣು ಎಳೆಯತೊಡಗಿತು. ಮೇಜಿನ ಮೇಲೆ ಬೇರೆ ಕೆಲಸ ರಾಶಿ ಬಿದ್ದಿತ್ತು. ಹಾಳಾಗಿ ಹೋಗಲಿ ಎಂದು ಹಿಡಿಯನ್ನು ಎಪ್ಪತ್ತೆಂಟಕ್ಕೆ ಸರಿಸಿದಳು.

“ಗುಬ್ಬೀ...”

ಅವಳು ಎದ್ದು ನಿಂತು “ಬಂದೇ” ಎಂದಳು. ಯೋಚಿಸಿ ಅಂದದ್ದಲ್ಲ, ಬಾಯಿ ತಾನಾಗಿ ಅಂದದ್ದು. ಎದ್ದ ರಭಸಕ್ಕೆ ಹೆಡ್‌ಫೋನಿನ ವೈರು ಕಿತ್ತು ಬಂತು. ಗೋಡೆಯ ಸ್ಪೀಕರು ಮಾತಾಡತೊಡಗಿತು.

“ಗುಬ್ಬೀ, ನೀರು ಕೊಡೇ...”

ಕಾಯಿಲೆಯ ಅಮ್ಮನಲ್ಲ ಅದು. ತಮ್ಮ ಎಳೆದು ನಿಧಾನ ಮಾಡಿದ್ದನ್ನು ಎಪ್ಪತ್ತೆಂಟು ಮತ್ತೆ ಮಾತಾಗಿಸಿತ್ತು. ವೇಗ ಸ್ವಲ್ಪ ಹೆಚ್ಚೇ ಆಗಿದ್ದರಿಂದ ದನಿ ತೆಳ್ಳಗಾಗಿ, ಬಾಗಿಲಲ್ಲಿ ನಿಂತು ಕರೆಯುತ್ತಿದ್ದ ಆ ಕಾಲದ ಅಮ್ಮನಂತಾಗಿತ್ತು. ಅದರ ಹಿಂದೆ ಕುರ್ಚಿ ಕಿರುಗುಟ್ಟಿತು. ಆಮೇಲೆ ಹುಡುಗನಂಥ ಇನ್ನೊಂದು ದನಿ: “ಇರಮ್ಮ, ಕೊಡ್ತೀನಿ. ಇನ್ನೊಂದ್ಸಲ ಕೂಗು. ಹಾಗೇ, ಉದ್ದಕ್ಕೆ.”

“ಗಂಟಲು ಒಣಗ್ತಿದೆ ಕಣೋ...”

“ಕೊಡ್ತೀನಮ್ಮ. ಇನ್ನೊಂದೇ ಸಲ. ಗುಬ್ಬೀ ಅನ್ನು.”

“ಗುಬ್ಬೀ...”

ಕಿವಿಯಕ್ಕ ರೆಕಾರ್ಡನ್ನು ಕೊನೆಯವರೆಗೂ ಕೇಳಿದಳು. ಮತ್ತೆ ಮೊದಲಿನಿಂದ ಹಾಕಿ ಕೇಳಿದಳು. ಅವಳು ಹುಡುಕುತ್ತಿದ್ದದ್ದು ಒಂದೇ ಸದ್ದು: ಜಗ್ಗಿನಿಂದ ಲೋಟಕ್ಕೆ ನೀರು ಬಿದ್ದ ಸದ್ದು. ಚಮಚ ಲೋಟಕ್ಕೆ ತಾಗಿದ ಸದ್ದಾದರೂ ಸಾಕಿತ್ತು. ಕುರ್ಚಿಯ ಸದ್ದಿತ್ತು, ಬೀದಿಯಲ್ಲಿ ಯಾರೋ ಬಾಗಿಲು ಹಾಕಿದ ಸದ್ದಿತ್ತು, ಅಮ್ಮನ ಕೂಗು ಸಣ್ಣಗಾಗುತ್ತ ಹೋಗಿ ಬರೀ ಉಸಿರಾದ ಸದ್ದಿತ್ತು. ನೀರಿನ ಸದ್ದು ಇರಲಿಲ್ಲ. ಒಂದು ಚೂರೂ ತೆಗೆದಿಲ್ಲ ಎಂದು ಅವನೇ ಊರಿಗೆಲ್ಲ ಹೇಳಿಕೊಂಡು ಬಂದಿದ್ದ.

ಅವನು ಕೊಡಲಿಲ್ಲ ಎಂಬುದೊಂದು ಸಂಕಟ. ಅದಕ್ಕಿಂತ ಉರಿಯುವ ಸಂಕಟ ಇನ್ನೊಂದಿತ್ತು. ಅಮ್ಮ ಇಷ್ಟು ತಿಂಗಳು ಇವಳ ಕಿವಿಯಲ್ಲೇ ನೀರು ನೀರು ಎಂದು ಕೂಗಿದ್ದಾಳೆ, ಇವಳು ತಲೆದಿಂಬು ಸರಿಮಾಡಿಕೊಂಡು ಮಲಗಿದ್ದಾಳೆ. ಮಲಗಿಸಿದವನು ಅವನು. ಗೊತ್ತಿದ್ದೂ ಮಲಗಿಸಿದ. ಆ ಕ್ಷಣದಲ್ಲಿ ತಮ್ಮ ಎದುರಿಗೆ ಸಿಕ್ಕಿದ್ದರೆ ಏನಾಗುತ್ತಿತ್ತೋ ಹೇಳಲಾಗದು. ಪುಡಿ ಮಾಡುವ ಯಂತ್ರ ಹತ್ತಿರದಲ್ಲೇ ಇತ್ತು.

ಜಗಳ ತೆಗೆದು ಪ್ರಯೋಜನವಿಲ್ಲ ಎಂದು ಅವಳಿಗೆ ಗೊತ್ತಿತ್ತು. ಬೆಣ್ಣೆಯಿಂದ ಕೂದಲು ತೆಗೆದಂತೆ ಮಾತಾಡಿ ಜಾರಿಕೊಳ್ಳುವವನು ಅವನು. ನಿನಗೆ ದುಃಖಕ್ಕೆ ಏನೇನೋ ಕೇಳಿಸುತ್ತಿದೆ ಅಕ್ಕ, ಡಾಕ್ಟರಿಗೆ ತೋರಿಸೋಣ ಎನ್ನುತ್ತಾನೆ. ಅಮ್ಮನನ್ನು ಮಾರಿಕೊಂಡು ತಿಂದವನಿಗೆ ಅವನ ಪ್ಲೇಟಿನಲ್ಲೇ ಬಡಿಸಬೇಕು. ಮೊದಲಿಗೆ ಅವಳಿಗೆ ಹೊಳೆದದ್ದು ಸುಲಭದ ದಾರಿ: ಕೆಲಸ ಕೆಡಿಸುವುದು. ಪ್ರೆಸ್ಸಿಗೆ ಹಬೆ ಸಾಕಷ್ಟು ಕೊಡದೆ ಒತ್ತಿದರೆ ರೆಕಾರ್ಡಿನ ಗೆರೆಗಳು ಸರಿಯಾಗಿ ತುಂಬುವುದಿಲ್ಲ. ಸೂಜಿ ಇಟ್ಟರೆ ಬಾಣಲೆಯಲ್ಲಿ ಒಗ್ಗರಣೆ ಹಾಕಿದಂತೆ ಚರಚರ ಎನ್ನುತ್ತದೆ. ಅಂಥದೊಂದು ಪ್ರತಿಯನ್ನು ಅವಳು ಆರಿಸಿ, ಇದೇ ಪರೀಕ್ಷೆಯ ಪ್ರತಿ ಎಂದು ತಮ್ಮನಿಗೆ ಕಳಿಸಿದಳು. ಕೇಳಿ ಬಾಯಿ ಬಡಿದುಕೊಳ್ಳಲಿ ಎಂದು ಕಾದಳು.

ಫೋನು ಬಂತು. “ಅಕ್ಕಾ! ಆ ಚರಚರ ಎಲ್ಲಿಂದ ಬಂತೇ? ಮಳೆ ಬಂದ ಹಾಗಿದೆ! ಎಷ್ಟ್ ಜೀವ ಬಂದಿದೆ ಗೊತ್ತಾ ಅದಕ್ಕೆ? ದಯವಿಟ್ಟು ಹಾಗೇ ಇರ್ಲಿ, ತೆಗೀಬೇಡ.”

ಕಿವಿಯಕ್ಕ ಫೋನಿಟ್ಟಳು. ಇದೆಂಥ ಕಸುಬು! ಕಟ್ಟಿದ ಮನೆ ಬಿದ್ದರೂ ನಕ್ಷೆಯಲ್ಲೇ ಹಾಗಿತ್ತು ಎನ್ನಬಹುದಾದ ಕಸುಬು. ಇವನ ಸಂಗೀತವನ್ನು ಗೀರಿದರೂ ಹೊಗಳಿಕೆ, ಸುಟ್ಟರೂ ಹೊಗಳಿಕೆ. ಹೀಗೆ ಕೆಡಿಸಿ ಕೆಡಿಸಿ ಇವನನ್ನು ಇನ್ನೂ ದೊಡ್ಡವನನ್ನಾಗಿ ಮಾಡುತ್ತೇನೆ ಅಷ್ಟೆ ಎಂದು ಹಲ್ಲು ಕಡಿದಳು. ಆಗ ಅವಳಿಗೆ ಅರಿವಾಯಿತು: ಕೆಡಿಸುವುದಲ್ಲ, ಸರಿಮಾಡಬೇಕು. ಈ ರೆಕಾರ್ಡಿನಲ್ಲಿ ತಪ್ಪಿದ್ದದ್ದು ಒಂದೇ, ಅದರ ವೇಗ.

ರೆಕಾರ್ಡಿನ ನಡುವೆ ಅಂಟಿಕೊಂಡಿರುವ ದುಂಡನೆಯ ಕಾಗದದ ಮೇಲೆ ಹೆಸರು, ಬದಿ, ವೇಗ ಎಲ್ಲ ಅಚ್ಚಾಗಿರುತ್ತದೆ. ಅದಕ್ಕೆ ಅಂಟು ಹಾಕುವುದಿಲ್ಲ. ಬಿಸಿ ಪ್ಲಾಸ್ಟಿಕ್ಕಿನ ಜೊತೆಗೇ ಒತ್ತಿ ಬರುವುದರಿಂದ ಅದು ರೆಕಾರ್ಡಿನ ಮೈಗೇ ಸೇರಿಹೋಗುತ್ತದೆ. ಕಿತ್ತರೆ ರೆಕಾರ್ಡೇ ಹಾಳು. ಆ ಕಾಗದದ ಮಾದರಿ ಅಚ್ಚಿಗೆ ಹೋಗುವ ಮುಂಚೆ ಕಂಬಳಿ ಕೋಣೆಗೆ ಬರಬೇಕು. ಬಂತು. ಕಿವಿಯಕ್ಕ ಮೂವತ್ತಮೂರು ಎಂದಿದ್ದ ಕಡೆ ಎಪ್ಪತ್ತೆಂಟು ಎಂದು ಬರೆದಳು. ಕದ್ದು ಮುಚ್ಚಿ ಮಾಡಲಿಲ್ಲ. ಮಾದರಿಯನ್ನು ತಮ್ಮನ ಕೈಗೇ ಕೊಟ್ಟು, “ಎಲ್ಲ ಸರಿಯಾಗಿದೆಯಾ ನೋಡ್ಕೋ. ಒತ್ತಿದ ಮೇಲೆ ಬದಲಾಯ್ಸಕ್ಕಾಗಲ್ಲ” ಎಂದಳು.

ಮೌನಿ ಆ ನೀಲಿ ಬಣ್ಣದ ಮಾದರಿಯನ್ನು ಬೆಳಕಿಗೆ ಹಿಡಿದು, ಕತ್ತು ಓರೆಮಾಡಿ, ಬಹಳ ಹೊತ್ತು ನೋಡಿದ. “ನೀಲಿ ಸ್ವಲ್ಪ ಭಾರ ಆಯ್ತು ಅಕ್ಕ. ನೀಲಿ ಉಸಿರಾಡ್ಬೇಕು” ಎಂದ.

“ಬೇರೇನೂ ಇಲ್ವಾ?”

“ಇಲ್ಲ. ನೀಲಿ ಒಂದೇ.”

ಅವನು ಒಪ್ಪಿಗೆ ಹಾಕಿದ. ಉಸಿರಾಡಬೇಕಂತೆ, ನೀಲಿ! ಅವಳು ಮನೆಗೆ ಹೋಗುವ ದಾರಿಯುದ್ದಕ್ಕೂ ಆ ಮಾತನ್ನು ಕಡಲೆಯಂತೆ ಅಗಿದಳು.

ಹಬೆಯಣ್ಣನ ಕಣ್ಣಿಗೆ ಮಾತ್ರ ಅದು ಬಿತ್ತು. ಕಾಗದದ ಕಟ್ಟು ಪ್ರೆಸ್ಸಿನ ಬಳಿಗೆ ಬಂದಾಗ ಕನ್ನಡಕ ಹಣೆಗೇರಿಸಿ ನೋಡಿ, ಕೋಣೆಯ ಬಾಗಿಲಿಗೆ ಬಂದು ನಿಂತ. “ತಾಯಿ, ವೇಗ ತಪ್ಪು ಬಿದ್ದಿದೆ.”

ಕಿವಿಯಕ್ಕ ಹೆಡ್‌ಫೋನನ್ನು ಅವನ ತಲೆಗೆ ಹಾಕಿ ಸೂಜಿ ಇಳಿಸಿದಳು. ಅಮ್ಮನ ಕೈಯಿಂದ ಎಷ್ಟೋ ಸಲ ತರಕಾರಿ ಕೊಂಡವನು ಅವನು. ದನಿ ಗುರುತು ಹಿಡಿಯುವುದಕ್ಕೆ ಹೊತ್ತು ಬೇಕಾಗಲಿಲ್ಲ. ನಿಂತೇ ಕೇಳಿದ. ಹೆಡ್‌ಫೋನು ತೆಗೆದು ಮೇಜಿನ ಮೇಲಿಟ್ಟ. ಹೊರಗೆ ಹೋದ. ಸ್ವಲ್ಪ ಹೊತ್ತಿಗೆ ದೊಡ್ಡ ಪ್ರೆಸ್ಸು ಉಸ್ಸೆಂದು ಬಾಯಿ ತೆರೆದ ಸದ್ದು, ಮುಚ್ಚಿದ ಸದ್ದು ಕೇಳಿಸಿತು. ಅವನು ಒತ್ತತೊಡಗಿದ್ದ.

ಬಿಡುಗಡೆ ಒಂದು ಭಾನುವಾರ ಮಧ್ಯಾಹ್ನ. ಹಳೆಯ ಗೋದಾಮಿಗೆ ಸುಣ್ಣ ಬಳಿದು, ಕಿಟಕಿಗಳಿಗೆ ದಪ್ಪ ಪರದೆ ಬಿಟ್ಟು, ನೆಲದ ತುಂಬ ಚಾಪೆ ಹಾಸಿದ್ದರು. ಬಂದವರು ಚಪ್ಪಲಿ ಹೊರಗೆ ಬಿಟ್ಟು, ಪಿಸುಗುಟ್ಟುತ್ತ, ಒಬ್ಬರ ಪಕ್ಕ ಒಬ್ಬರು ಮಲಗಿಕೊಂಡರು. ಮೂಲೆಯ ಮೇಜಿನ ಮೇಲೆ ಸಭಾಂಗಣದವರ ದೊಡ್ಡ ಯಂತ್ರ, ಮೂರೂ ವೇಗದ್ದು. ಅದರ ಪಕ್ಕ ರೆಕಾರ್ಡು ಹಾಕುವ ಹೆಂಗಸು. ಮೊದಲ ಪೆಟ್ಟಿಗೆಯನ್ನು ಅಕ್ಕನೇ ತರಲಿ, ಶುಭವಾಗುತ್ತದೆ ಎಂದು ಮೌನಿ ಹೇಳಿಕಳಿಸಿದ್ದ. ಕಿವಿಯಕ್ಕ ಪೆಟ್ಟಿಗೆ ತಂದು ಕೊಟ್ಟು ಯಂತ್ರದ ಪಕ್ಕದಲ್ಲೇ ನಿಂತುಕೊಂಡಳು. ಹೆಗಲ ಚೀಲದಲ್ಲಿ, ಯಾವಾಗಲೂ ಇರುವಂತೆ, ನೀರಿನ ಬಾಟಲಿ ಇತ್ತು.

ಮೌನಿ ಎದುರು ಗೋಡೆಯ ಬಳಿ ದಿಂಬಿನ ಮೇಲೆ ಕುಳಿತು, ಕಣ್ಣು ಮುಚ್ಚಿ, ತಾಯಿಯ ಬಗ್ಗೆ ಎರಡು ಮಾತಾಡಿದ. “ಅಮ್ಮ ನಿದ್ದೆಯಲ್ಲೇ, ಒಂದು ಮಾತೂ ಆಡದೆ ಹೋದರು. ಆ ಮೌನವೇ ಈ ಸಂಗೀತ. ಇದನ್ನು ಕೇಳಬೇಡಿ, ಇದರೊಳಗೆ ಮಲಗಿ.” ಚಾಪೆಗಳ ಮೇಲೆ ನಿಟ್ಟುಸಿರು ಹರಿಯಿತು. ದೀಪ ಆರಿಸಿದರು.

ಯಂತ್ರದ ಹೆಂಗಸು ಸಣ್ಣ ಟಾರ್ಚಿನಲ್ಲಿ ಕಾಗದ ನೋಡಿ ಹುಬ್ಬೇರಿಸಿದಳು. “ಎಪ್ಪತ್ತೆಂಟಾ?” ಎಂದು ಪಿಸುಗುಟ್ಟಿದಳು.

“ಅವರೇ ನೋಡಿ ಒಪ್ಪಿದ್ದು” ಎಂದಳು ಕಿವಿಯಕ್ಕ.

ಪ್ರಯೋಗ ಅಂದಮೇಲೆ ಪ್ರಯೋಗ ಎಂದು ಆಕೆ ಹಿಡಿ ಸರಿಸಿದಳು.

“ಗುಬ್ಬೀ...”

ಮಾರುಕಟ್ಟೆಯ ಗಂಟಲು ಗೋದಾಮನ್ನು ತುಂಬಿತು. ಮಲಗಿದ್ದವರಲ್ಲಿ ಕೆಲವರು ಬೆಚ್ಚಿ ಮೊಣಕೈ ಊರಿ ಎದ್ದರು. ಇದೂ ಒಂದು ಹೊಸ ಬಗೆ ಇರಬೇಕು ಎಂದು ಕೆಲವರು ಕಣ್ಣು ಇನ್ನಷ್ಟು ಬಿಗಿಯಾಗಿ ಮುಚ್ಚಿದರು. “ಗುಬ್ಬೀ, ನೀರು ಕೊಡೇ...” ಮೌನಿಗೆ ಮೊದಲು ತಿಳಿಯಲಿಲ್ಲ. ತಿಳಿದ ಮೇಲೆ “ನಿಲ್ಸಿ!” ಎಂದು ಕೂಗಿ ಯಂತ್ರದ ಕಡೆಗೆ ಹೊರಟ. ಆದರೆ ನಡುವೆ ನೆಲದ ತುಂಬ ಜನ. ತಾನೇ ಮಲಗಿಸಿದ ಜನ. ಕತ್ತಲೆಯಲ್ಲಿ ಯಾರದೋ ಕೈ ತುಳಿದ, ಯಾರದೋ ಕಾಲಿಗೆ ಎಡವಿ ಮಂಡಿಯೂರಿ ಬಿದ್ದ. ಅಷ್ಟರಲ್ಲಿ ಅವನದೇ ದನಿ ಗೋಡೆಯಿಂದ ಗೋಡೆಗೆ ಸ್ಪಷ್ಟವಾಗಿ ಹೇಳಿತು: “ಇರಮ್ಮ, ಕೊಡ್ತೀನಿ. ಇನ್ನೊಂದ್ಸಲ ಕೂಗು. ಹಾಗೇ, ಉದ್ದಕ್ಕೆ.”

ಈಗ ಎಲ್ಲರೂ ಎದ್ದು ಕುಳಿತಿದ್ದರು. ಯಂತ್ರದ ಹೆಂಗಸು ಸೂಜಿಯ ಕಡೆ ಕೈ ಚಾಚಿದಳು. ಕಿವಿಯಕ್ಕ ಆ ಕೈಯನ್ನು ಮೆಲ್ಲಗೆ ಹಿಡಿದಳು. ಆಕೆಯೂ ಮತ್ತೆ ಚಾಚಲಿಲ್ಲ. ಗಂಟಲು ಒಣಗುತ್ತಿದೆ ಎಂದು ಅಮ್ಮ ಹೇಳಿದಳು, ಇನ್ನೊಂದೇ ಸಲ ಎಂದು ಮಗ ಹೇಳಿದ, ಗುಬ್ಬೀ ಗುಬ್ಬೀ ಎಂಬ ಕೂಗು ಸವೆದು ಸವೆದು ಉಸಿರಾಗಿ, ಉಸಿರೂ ನಿಂತು, ರೆಕಾರ್ಡು ಮುಗಿಯುವವರೆಗೆ ಯಾರೂ ಅಲುಗಲಿಲ್ಲ, ಮೌನಿಗೆ ದಾರಿಯನ್ನೂ ಬಿಡಲಿಲ್ಲ. ಯಾರೋ ದೀಪ ಹಾಕಿದರು.

ಮೌನಿ ಚಾಪೆಗಳ ನಡುವೆ ನಿಂತಿದ್ದ. “ವೇಗ... ವೇಗ ತಪ್ಪಾಗಿದೆ. ಕ್ಷಮಿಸಿ. ಇದು ಹೀಗೆ ಕೇಳೋದಲ್ಲ. ತಪ್ಪು ವೇಗದಲ್ಲಿ ಹಾಕ್ಬಿಟ್ಟಿದಾರೆ.”

ಮುಂದಿನ ಸಾಲಿನ ಚಾಪೆಯ ಮೇಲಿಂದ ದಪ್ಪ ಕನ್ನಡಕದ ಹೆಂಗಸೊಬ್ಬಳು ಕೇಳಿದಳು. ಸಿಟ್ಟಿನಿಂದ ಕೇಳಿದ್ದಲ್ಲ, ತಿಳಿದುಕೊಳ್ಳಲೇಬೇಕು ಎನ್ನುವಂತೆ ಕೇಳಿದಳು. “ಆಮೇಲೆ ನೀರು ಕೊಟ್ರಾ?”

“ಅದು... ನೋಡಿ, ಅದೊಂದು ಕೃತಿ. ವೇಗ...”

“ವೇಗ ಬಿಡಿ. ನೀರು ಕೊಟ್ರಾ?”

ಅವನು ಸುತ್ತ ನೋಡಿದ. ಕಣ್ಣು ಮುಚ್ಚಿ ಮಾತಾಡುವವನಿಗೆ ಈಗ ಅಷ್ಟೂ ಕಣ್ಣುಗಳು ಕಂಡವು. ಕೊನೆಗೆ ಮೂಲೆಯಲ್ಲಿ ನಿಂತಿದ್ದ ಅಕ್ಕ ಕಂಡಳು. “ಅಕ್ಕಾ, ನೀನಾದ್ರೂ ಹೇಳೇ ಇವ್ರಿಗೆ.”

“ನಾನೇನ್ ಹೇಳ್ಲಿ? ನಾನು ಔಷಧಿ ಅಂಗಡೀಲಿದ್ದೆ” ಎಂದಳು ಕಿವಿಯಕ್ಕ. “ನೀನಿದ್ದೆಯಲ್ಲ.”

ಒಬ್ಬೊಬ್ಬರಾಗಿ ಜನ ಎದ್ದರು. ಚಪ್ಪಾಳೆ ಇಲ್ಲ, ಪಿಸುಮಾತಿಲ್ಲ. ಚಪ್ಪಲಿ ಹುಡುಕುವ ಸದ್ದು ಮಾತ್ರ. ಕನ್ನಡಕದ ಹೆಂಗಸು ಬಾಗಿಲ ಬಳಿ ಒಂದು ಸಲ ತಿರುಗಿ ನೋಡಿ ಹೋದಳು. ಮೌನಿ ಏನೋ ಹೇಳಲು ಹೋಗಿ ಕೆಮ್ಮಿದ. ಮತ್ತೆ ಕೆಮ್ಮಿದ. ಬಾಯಿ ಒಣಗಿ ನಾಲಗೆ ಅಂಟಿಕೊಂಡ ಹಾಗಾಗಿತ್ತು. ಗಂಟಲಿಗೆ ಕೈಯಿಟ್ಟುಕೊಂಡು ಅಕ್ಕನ ಬಳಿಗೆ ಬಂದ. ಅವಳ ಚೀಲದಿಂದ ಇಣುಕುತ್ತಿದ್ದ ಬಾಟಲಿಯನ್ನು ನೋಡಿ, “ಅಕ್ಕಾ... ನೀರು...” ಎಂದ.

ಕಿವಿಯಕ್ಕ ಬಾಟಲಿ ತೆಗೆದು ಕೈಯಲ್ಲಿ ಹಿಡಿದುಕೊಂಡಳು.

“ಇನ್ನೊಂದ್ಸಲ ಕೇಳು” ಎಂದಳು. “ಹಾಗೇ, ಉದ್ದಕ್ಕೆ.”

ಅವನು ಅವಳ ಮುಖ ನೋಡಿದ. ಅಲ್ಲಿ ಅವನಿಗೆ ಬೇಕಾದದ್ದೇನೂ ಇರಲಿಲ್ಲ. ಕೆಮ್ಮು ಬಿಡಲಿಲ್ಲ.

“ನೀರು ಕೊಡೇ ಅಕ್ಕಾ...”

ಅವಳು ಮುಚ್ಚಳ ತಿರುಗಿಸಿ ತೆಗೆದು, ಬಾಟಲಿಯನ್ನು ಅವನ ಕೈಗಿಟ್ಟಳು.

“ನೋಡ್ಕೋ” ಎಂದಳು. “ನೀರು ಕೊಡಕ್ಕೆ ಇಷ್ಟೇ ಹೊತ್ತು ಹಿಡಿಯೋದು.”

ಮೌನಿ ಬಾಟಲಿಯನ್ನು ಬಾಯಿಯವರೆಗೆ ತಂದ. ಕುಡಿಯಲಾಗಲಿಲ್ಲ.